ತುಂಗಭದ್ರಾ ನೀರು ಮತ್ತು ವಿದ್ಯುತ್ ಹಂಚಿಕೆ

ತುಂಗಭದ್ರೆಯ ನೀರನ್ನೂ ಅದರಿಂದ ಹುಟ್ಟುವ ವಿದ್ಯುತ್ತನ್ನೂ ನೆರೆಹೊರೆಯ ಸರ್ಕಾರಗಳು ಮಾತುಕತೆಯ ಮೂಲಕ ಹಂಚಿಕೊಂಡ ಇತಿಹಾಸವಿದು. ಸ್ವಾತಂತ್ರ್ಯಪೂರ್ವದಲ್ಲಿ ಈ ನದಿಯ ದಂಡೆಯಲ್ಲಿರುವ ಈಗಿನ ಗದಗ ಜಿಲ್ಲೆಯ ಸುತ್ತ ಹಲವು ಆಡಳಿತಗಳ ಗಡಿ ಕೂಡಿದ್ದವು. ಗದಗ-ಬೆಟಗೇರಿ, ಮುಂಡರಗಿ ಮುಂಬಯಿ ಪ್ರಾಂತದವು; ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮೀರಜ ಸಂಸ್ಥಾನದ್ದು. ಹೊಳೆಯಾಚೆಯ ಹೂವಿನಹಡಗಲಿ ಮದ್ರಾಸಿಗೂ ಮೂಡಣದ ಕೊಪ್ಪಳ ಹೈದರಾಬಾದಿಗೂ ಸೇರಿದ್ದವು. ನದಿಯ ಮೇಲ್ಭಾಗ ಮೈಸೂರಿನದು.

ರಾಯಲಸೀಮೆ, ಬಳ್ಳಾರಿ, ರಾಯಚೂರು ಕಡೆಯ ಬರಕ್ಕೆ ಅಣೆಕಟ್ಟೇ ಪರಿಹಾರವೆಂದು 19ನೇ ಶತಮಾನದಲ್ಲೇ ಯೋಚನೆ ಹುಟ್ಟಿತ್ತು. ಆದರೆ ಯಾರ ಪಾಲು ಎಷ್ಟು ಎಂಬುದು ಇತ್ಯರ್ಥವಾಗದೆ ದಶಕಗಳು ಕಳೆದವು. ಕಡೆಗೆ 1944ರಲ್ಲಿ ಮದ್ರಾಸ್ ಮತ್ತು ಹೈದರಾಬಾದ್ ತಲಾ 65 ಟಿಎಂಸಿ ನೀರಿಗೆ ಒಪ್ಪಿದವು. 1945ರ ಫೆಬ್ರುವರಿ 28ರಂದು ಹೊಸಪೇಟೆ ಬಳಿ ಒಂದು ದಂಡೆಯಲ್ಲಿ ಹೈದರಾಬಾದಿನ ಬೀರಾರ್ ಯುವರಾಜ, ಎದುರು ದಂಡೆಯಲ್ಲಿ ಮದ್ರಾಸ್ ಗವರ್ನರ್ ಆರ್ಥರ್ ಹೋಪ್ ಅಡಿಗಲ್ಲಿಟ್ಟರು. ಒಂದೇ ಕಟ್ಟೆಯನ್ನು ಎರಡು ಸರ್ಕಾರಗಳು ಎರಡು ಕಡೆಯಿಂದ ಕಟ್ಟುತ್ತ ಬಂದದ್ದು ದೊಡ್ಡ ಸಾಧನೆಯೇ ಸರಿ.

ನಿಜವಾದ ಪರೀಕ್ಷೆ ಎದುರಾದದ್ದು ಗಡಿಗಳು ಬದಲಾದಾಗ. 1953ರ ಅಕ್ಟೋಬರಿನಲ್ಲಿ ಆಂಧ್ರ ರಾಜ್ಯ ಹುಟ್ಟಿ, ಬಳ್ಳಾರಿ, ಹೊಸಪೇಟೆ ಮೈಸೂರಿಗೆ ಬಂದವು. ಅಣೆಕಟ್ಟಿನ ಬಲಬದಿ ಒಂದು ರಾಜ್ಯದಲ್ಲಿ, ಬಲದಂಡೆಯ ಫಲಾನುಭವಿಗಳಲ್ಲಿ ಬಹುಪಾಲು ಇನ್ನೊಂದರಲ್ಲಿ! ಆಗ ರಚನೆಯಾದ ತುಂಗಭದ್ರಾ ಮಂಡಳಿಯಲ್ಲಿ ಕೇಂದ್ರ ನೇಮಿಸಿದ ಅಧ್ಯಕ್ಷರ ಜೊತೆ ರಾಜ್ಯಗಳ ಪ್ರತಿನಿಧಿಗಳೂ ಕೂತರು. ಕಟ್ಟೆಯ ಬುಡದಲ್ಲೂ ಹಂಪಿಯ ಕಾಲುವೆಯಲ್ಲೂ ಇರುವ, ತಲಾ 36 ಮೆಗಾವಾಟಿನ ಎರಡು ವಿದ್ಯುದಾಗಾರಗಳ ಉತ್ಪಾದನೆಯನ್ನು ಆಂಧ್ರ ಮತ್ತು ಕರ್ನಾಟಕ 80:20ರಂತೆ ಹಂಚಿಕೊಳ್ಳುತ್ತವೆ. ಎಡದಂಡೆಯ ಮುನಿರಾಬಾದ್ ವಿದ್ಯುದಾಗಾರ ಕರ್ನಾಟಕದ್ದು. ಹೋಲಿಕೆಗೆ ಹೇಳುವುದಾದರೆ, ಬ್ರೆಜಿಲ್ ಮತ್ತು ಪರಗ್ವೆ ಇತೈಪು ಅಣೆಕಟ್ಟಿನ ವಿದ್ಯುತ್ತನ್ನು ಸಮಪಾಲು ಮಾಡಿಕೊಳ್ಳಲು ಸಹಿ ಹಾಕಿದ್ದು 1973ರಲ್ಲಿ. ತುಂಗಭದ್ರಾ ಮಂಡಳಿ ಅದಕ್ಕಿಂತ ಎರಡು ದಶಕ ಹಳೆಯದು.

1969ರಲ್ಲಿ ನೇಮಕವಾದ ಬಚಾವತ್ ನ್ಯಾಯಾಧಿಕರಣ ಜಲಾಶಯದ ಹಂಚಿಕೆಗೆ ಕಾನೂನಿನ ಬಲ ಕೊಟ್ಟಿತು. ಆದರೆ ದಂಡೆಯಲ್ಲೇ ಇದ್ದ ಮುಂಡರಗಿಯ ಹೊಲಗಳು ಬಹುಕಾಲ ಮಳೆಯನ್ನೇ ನಂಬಿದ್ದವು. ಇದು ಒಪ್ಪಂದಗಳ ದೊಡ್ಡ ಕೊರತೆ. ಕರ್ನಾಟಕದ ಪಾಲಿನ ನೀರಿನಿಂದ, ಹಮ್ಮಿಗಿ ಬಳಿಯ ಬ್ಯಾರೇಜಿನ ಸಿಂಗಟಾಲೂರು ಏತ ನೀರಾವರಿ ಯೋಜನೆ ಬಂದದ್ದು ಈ ಶತಮಾನದಲ್ಲಿ.

ಜಲಾಶಯದ ಸಾಮರ್ಥ್ಯ ಹೂಳಿನಿಂದಾಗಿ 133 ಟಿಎಂಸಿಯಿಂದ ಸುಮಾರು 105ಕ್ಕೆ ಇಳಿದಿದೆ. ಈ ನಷ್ಟ ತುಂಬಿಕೊಳ್ಳಲು ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟುವ ಪ್ರಸ್ತಾವವನ್ನು ಕರ್ನಾಟಕ ಮುಂದಿಟ್ಟಿದೆ. ಅದಕ್ಕೆ ನೆರೆಯ ಆಂಧ್ರ, ತೆಲಂಗಾಣಗಳ ಒಪ್ಪಿಗೆ ಬೇಕು.