ಎಣ್ಣೆ, ಮೇಣ, ನೀರು: ಕೋಲ್ಡ್ ಕ್ರೀಮಿನ ಇತಿಹಾಸ

ಕೋಲ್ಡ್ ಕ್ರೀಮ್ ಎಂಬುದು ಎಣ್ಣೆ, ಮೇಣ, ನೀರು ಈ ಮೂರನ್ನು ಕಲೆಸಿ ಒಂದಾಗಿಸಿದ ಲೇಪ. ಚಳಿಗಾಲ ಬಂದಾಗ ಅಂಗಡಿಗಳಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವುದರಿಂದ ಈ ಹೆಸರಿಗೂ ಚಳಿಗೂ ನಂಟಿದೆ ಎಂಬ ಭಾವನೆ ಸಾಮಾನ್ಯ. ನಿಜವಾದ ಕಾರಣ ಬೇರೆ. ಹಚ್ಚಿದ ಮೇಲೆ ಲೇಪದೊಳಗಿನ ನೀರು ಮೆಲ್ಲನೆ ಆರುತ್ತದೆ. ಆರುವಾಗ ಚರ್ಮದ ಬಿಸಿಯನ್ನು ಹೀರಿಕೊಳ್ಳುವುದರಿಂದ ಆ ಜಾಗ ತಂಪಾಗುತ್ತದೆ. ಸುಮಾರು 1800 ವರ್ಷಗಳಲ್ಲಿ ಈ ಲೇಪದ ಪದಾರ್ಥಗಳು ಮತ್ತೆ ಮತ್ತೆ ಬದಲಾಗಿವೆ, ಆದರೆ ಅದರ ಮೂಲ ಕಟ್ಟು ಉಳಿದುಕೊಂಡಿದೆ. ನಲವತ್ತು ದಾಟಿದ ಮೇಲೆ ಒಣಗತೊಡಗುವ, ಸಣ್ಣದಕ್ಕೂ ಉರಿಯುವ ಚರ್ಮಕ್ಕೆ ಇಂದಿಗೂ ಒದಗುವುದು ಈ ವಂಶದ ಸರಳ ಲೇಪಗಳೇ.

ಗೇಲೆನ್‌ನ ಮುಲಾಮು

ಈ ಲೇಪದ ಮೊದಲ ಕೀರ್ತಿ ಸಲ್ಲುವುದು ಗ್ರೀಕ್ ವೈದ್ಯ ಗೇಲೆನ್‌ಗೆ. ಕ್ರಿ.ಶ. 129ರಲ್ಲಿ ಇಂದಿನ ತುರ್ಕಿಯ ಪೆರ್ಗಮಾನ್‌ನಲ್ಲಿ ಹುಟ್ಟಿದ ಈತ ರೋಮಿಗೆ ಹೋಗಿ ಚಕ್ರವರ್ತಿ ಮಾರ್ಕಸ್ ಅರೇಲಿಯಸ್‌ನ ವೈದ್ಯನಾದ. ಗುಲಾಬಿ ಹೂ ನೆನೆಸಿದ ಎಣ್ಣೆಯಲ್ಲಿ ಜೇನುಮೇಣವನ್ನು ಕರಗಿಸಿ, ಅದು ಹಿಡಿದಿಟ್ಟುಕೊಳ್ಳುವಷ್ಟು ನೀರನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತ ಕಲೆಸುವುದು ಅವನ ಕ್ರಮ. ಇದು ಮೊದಲಿಗೆ ಸೌಂದರ್ಯಸಾಧನವಾಗಿರಲಿಲ್ಲ. ಉರಿಯನ್ನು ಶಮನ ಮಾಡುವ ಮದ್ದಾಗಿತ್ತು. ತಂಪು ನೀಡುವ ಮೇಣದ ಮುಲಾಮು ಎಂಬ ಅರ್ಥದ ಲ್ಯಾಟಿನ್ ಹೆಸರಿನಿಂದಲೇ ಅದು ಯೂರೋಪಿನ ಔಷಧ ಗ್ರಂಥಗಳಲ್ಲಿ ಉಳಿಯಿತು.

ರೋಮನ್ನರ ಕಾಲದ ಲೇಪವೊಂದು ಕೈಗೆ ಸಿಕ್ಕಿದ್ದೂ ಉಂಟು. 2003ರಲ್ಲಿ ಲಂಡನ್ನಿನ ಸೌತ್‌ವಾರ್ಕ್‌ನ ಟ್ಯಾಬರ್ಡ್ ಸ್ಕ್ವೇರ್‌ನಲ್ಲಿ 2ನೇ ಶತಮಾನದ ದೇವಾಲಯದ ನೆಲೆಯನ್ನು ಅಗೆಯುವಾಗ ಮುಚ್ಚಳ ಬಿಗಿದಿದ್ದ ತವರದ ಡಬ್ಬಿಯೊಂದು ದೊರೆಯಿತು. ಒಳಗೆ ಬಿಳಿಯ ಕ್ರೀಮು ಹಾಗೆಯೇ ಇತ್ತು. ಅದನ್ನು ತೆಗೆದುಕೊಂಡವರ ಬೆರಳ ಗುರುತೂ ಮಾಸಿರಲಿಲ್ಲ. ಬ್ರಿಸ್ಟಲ್ ವಿಶ್ವವಿದ್ಯಾಲಯದಲ್ಲಿ ಪರೀಕ್ಷಿಸಿದಾಗ ಅದರಲ್ಲಿ ಸುಮಾರು ಶೇ 40ರಷ್ಟು ಪ್ರಾಣಿಜನ್ಯ ಕೊಬ್ಬು, ಶೇ 40ರಷ್ಟು ಪಿಷ್ಟ, ಶೇ 15ರಷ್ಟು ತವರದ ಆಕ್ಸೈಡ್ ಇರುವುದು ಕಂಡಿತು. ವಿಜ್ಞಾನಿಗಳು ಅದೇ ಪ್ರಮಾಣದಲ್ಲಿ ಮತ್ತೊಮ್ಮೆ ಕ್ರೀಮು ತಯಾರಿಸಿ ನೋಡಿದರು. ಹಚ್ಚಿದಾಗ ಮೊದಲು ಜಿಡ್ಡೆನಿಸಿ, ತಿಕ್ಕಿದಂತೆ ಪುಡಿ ಸವರಿದಷ್ಟು ನುಣುಪಾಯಿತು. ಆರೈಕೆ ಮತ್ತು ತೆಳು ಬಣ್ಣ ಎರಡೂ ಒಂದೇ ಡಬ್ಬಿಯಲ್ಲಿದ್ದವು. ಆ ಕಾಲದಲ್ಲಿ ಬಿಳುಪಿಗೆ ಬಳಸುತ್ತಿದ್ದ ಸೀಸದ ಬದಲಿಗೆ ಇಲ್ಲಿ ತವರ ಇದ್ದದ್ದು ಇನ್ನೊಂದು ವಿಶೇಷ.

ಭಾರತದ ಸಮಾನ ದಾರಿ

ಭಾರತದಲ್ಲಿ ಇದೇ ತತ್ವ ಬೇರೊಂದು ರೂಪದಲ್ಲಿ ಬೆಳೆಯಿತು. ಚರಕ ಸಂಹಿತೆಯಲ್ಲಿ ಬರುವ ‘ಶತಧೌತ ಘೃತ’ ಎಂದರೆ ನೂರು ಸಲ ತೊಳೆದ ತುಪ್ಪ. ತುಪ್ಪಕ್ಕೆ ನೀರು ಹಾಕಿ ತಿಕ್ಕುವುದು, ನೀರನ್ನು ಚೆಲ್ಲುವುದು, ಮತ್ತೆ ಹೊಸ ನೀರು ಹಾಕುವುದು, ಹೀಗೆ ಮಾಡುತ್ತ ಹೋದಂತೆ ತುಪ್ಪದ ವಾಸನೆ ಮತ್ತು ಹರಳು ಎರಡೂ ಹೋಗಿ ಬೆಳ್ಳಗಿನ, ಹಗುರವಾದ ಲೇಪ ಉಳಿಯುತ್ತದೆ. ನೀರಿನ ಸಣ್ಣ ಹನಿಗಳು ಜಿಡ್ಡಿನೊಳಗೆ ಸೇರಿಕೊಂಡಿರುವುದರಿಂದ ಇದೂ ಚರ್ಮವನ್ನು ತಂಪು ಮಾಡುತ್ತದೆ. ಆಯುರ್ವೇದ ಇದನ್ನು ಉರಿಗೆ, ಸುಟ್ಟ ಗಾಯಕ್ಕೆ ಹೇಳಿದೆ. ಗೇಲೆನ್‌ನ ಮುಲಾಮಿಗೂ ಇದಕ್ಕೂ ಪದಾರ್ಥ ಬೇರೆ, ಕೆಲಸ ಒಂದೇ.

ಕನ್ನಡ ನಾಡಿನಲ್ಲಿ ಅಭ್ಯಂಜನ ಅರಮನೆಯಿಂದ ಗುಡಿಸಲಿನವರೆಗೆ ಇದ್ದ ರೂಢಿ. ಕಲ್ಯಾಣದ ಚಾಲುಕ್ಯ ದೊರೆ 3ನೇ ಸೋಮೇಶ್ವರನ ಹೆಸರಿನಲ್ಲಿರುವ 12ನೇ ಶತಮಾನದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ವು ಸ್ನಾನ ಮತ್ತು ಲೇಪನಗಳನ್ನು ಅರಸನ ಭೋಗಗಳ ಸಾಲಿನಲ್ಲಿ ವಿವರಿಸುತ್ತದೆ. ಮನೆಗಳಲ್ಲಿ ಎಣ್ಣೆ ಹಚ್ಚಿ, ಕಡಲೆಹಿಟ್ಟಿನಿಂದಲೋ ಹೆಸರುಹಿಟ್ಟಿನಿಂದಲೋ ಜಿಡ್ಡು ತೆಗೆದು, ಬಿಸಿನೀರು ಎರೆದುಕೊಳ್ಳುವುದು ವಾಡಿಕೆ. ಒಡೆದ ತುಟಿಗೆ ಬೆಣ್ಣೆ. ಪಶ್ಚಿಮ ಘಟ್ಟದ ಕಡೆ, ವಿಶೇಷವಾಗಿ ಉತ್ತರ ಕನ್ನಡದಲ್ಲಿ, ಮುರುಗಲು ಹಣ್ಣಿನ ಬೀಜದಿಂದ ತೆಗೆದ ಮುರುಗಲ ತುಪ್ಪವನ್ನು ಬಿರುಕು ಬಿಟ್ಟ ಹಿಮ್ಮಡಿಗೆ, ಒಣಗಿದ ಕೈಗೆ ಹಚ್ಚುತ್ತಾರೆ. ಕೋಣೆಯ ಬಿಸಿಯಲ್ಲಿ ಗಟ್ಟಿಯಾಗಿದ್ದು, ಚರ್ಮದ ಬಿಸಿಗೆ ಮೆತ್ತಗಾಗುವ ಇದಕ್ಕೆ ಮೇಣದ ಅಗತ್ಯವೂ ಬೀಳಲಿಲ್ಲ.

ಸೀಸದ ಕಾಲ

ಯೂರೋಪಿನಲ್ಲಿ 16ರಿಂದ 18ನೇ ಶತಮಾನದವರೆಗೆ ಆರೈಕೆಗಿಂತ ಮುಚ್ಚಿಡುವುದೇ ಮುಖ್ಯವಾಯಿತು. ಸಿಡುಬಿನ ಕಲೆ, ಬಿಸಿಲಿನ ಬಣ್ಣ, ವಯಸ್ಸಿನ ಸುಕ್ಕು ಕಾಣದಂತೆ ಬಿಳಿ ಸೀಸದ ದಪ್ಪ ಲೇಪವನ್ನು ಸ್ಥಿತಿವಂತರು ಮುಖಕ್ಕೆ ಬಳಿದುಕೊಳ್ಳುತ್ತಿದ್ದರು. ಸೀಸ ಚರ್ಮವನ್ನು ಕೆಡಿಸುತ್ತಿತ್ತು. ಕೆಟ್ಟದ್ದನ್ನು ಮುಚ್ಚಲು ಮತ್ತಷ್ಟು ಸೀಸ ಬೇಕಾಗುತ್ತಿತ್ತು. ಸುಂದರಿಯೆಂದು ಹೆಸರಾಗಿದ್ದ ಇಂಗ್ಲೆಂಡಿನ ಕೌಂಟೆಸ್ ಆಫ್ ಕವೆಂಟ್ರಿ, ಮರಿಯಾ, 1760ರಲ್ಲಿ ಎಳೆಯ ವಯಸ್ಸಿಗೇ ತೀರಿಕೊಂಡಾಗ ಮುಖಕ್ಕೆ ಹಚ್ಚುತ್ತಿದ್ದ ಬಣ್ಣವೇ ಕಾರಣವೆಂದು ಜನ ನಂಬಿದರು. 19ನೇ ಶತಮಾನದ ಉತ್ತರಾರ್ಧದಲ್ಲಿ ಜಿಂಕ್ ಆಕ್ಸೈಡ್‌ನ ಪೌಡರು ಬಳಕೆಗೆ ಬಂದ ಮೇಲೆ ಸೀಸ ಹಿಂದೆ ಸರಿಯಿತು. ಅದೇ ಜಿಂಕ್ ಆಕ್ಸೈಡ್ ಇಂದು ಸೂಕ್ಷ್ಮ ಚರ್ಮಕ್ಕೆ ಹೇಳುವ ಸನ್‌ಸ್ಕ್ರೀನ್‌ಗಳಲ್ಲಿ ಇದೆ.

ವಿಷದ ಹಂಗು ಅಲ್ಲಿಗೇ ಮುಗಿಯಲಿಲ್ಲ. ಬಣ್ಣ ತಿಳಿಯಾಗಿಸುವ ಹೆಸರಿನಲ್ಲಿ ಪಾದರಸ ಸೇರಿದ ಕ್ರೀಮುಗಳು ಹಲವು ದೇಶಗಳಲ್ಲಿ ಮಾರಾಟವಾದವು. ಪಾದರಸ ಮೂತ್ರಪಿಂಡವನ್ನು ಹಾಳುಮಾಡುತ್ತದೆ. 2013ರ ಮಿನಮಾಟಾ ಒಪ್ಪಂದ ಇಂಥ ಕ್ರೀಮುಗಳನ್ನು ನಿಲ್ಲಿಸಲು 2020ರ ಗಡುವು ವಿಧಿಸಬೇಕಾಯಿತು. ಚರ್ಮದ ಬಣ್ಣವನ್ನು ಬದಲಿಸುವ ಹಟ ಯಾವ ಕಾಲದಲ್ಲೂ ಚರ್ಮಕ್ಕೆ ಹಿತ ಮಾಡಿಲ್ಲ.

ಒಡೆಯದ ಕ್ರೀಮಿನ ಹುಡುಕಾಟ

ಗೇಲೆನ್‌ನ ಲೇಪಕ್ಕೆ ಎರಡು ದೋಷಗಳಿದ್ದವು. ಕೆಲವು ದಿನಗಳಲ್ಲಿ ಎಣ್ಣೆ ಕಮಟು ಹಿಡಿಯುತ್ತಿತ್ತು, ಮತ್ತು ಹಾಲು ಒಡೆದಂತೆ ನೀರು ಬೇರೆಯಾಗುತ್ತಿತ್ತು. ಹೀಗಾಗಿ ಅದನ್ನು ಬೇಕಾದಾಗ ಬೇಕಾದಷ್ಟೇ ಮಾಡಿಕೊಳ್ಳಬೇಕಿತ್ತು. ಔಷಧ ತಯಾರಕರು ಆಲಿವ್ ಎಣ್ಣೆಯ ಬದಲು ಬಾದಾಮಿ ಎಣ್ಣೆ, ನೀರಿನ ಬದಲು ಪನ್ನೀರು ಬಳಸಿದರು. ಬೆಳ್ಳಗೆ, ನುಣುಪಾಗಿಸಲು ಸ್ಪರ್ಮ್ ತಿಮಿಂಗಿಲದ ತಲೆಯಿಂದ ತೆಗೆದ ಮೇಣವನ್ನೂ ಸೇರಿಸಿದರು. 19ನೇ ಶತಮಾನದ ಕೊನೆಯ ಹೊತ್ತಿಗೆ ಬಿಳಿಗಾರದ ಬಳಕೆ ಬಂದಿತು. ಬಿಳಿಗಾರವು ಜೇನುಮೇಣದ ಆಮ್ಲದೊಡನೆ ಸೇರಿ ಲೇಪದೊಳಗೇ ಒಂದಿಷ್ಟು ಸಾಬೂನನ್ನು ಹುಟ್ಟಿಸುತ್ತದೆ. ಆ ಸಾಬೂನು ಎಣ್ಣೆ ಮತ್ತು ನೀರನ್ನು ಹಿಡಿದು ಕಟ್ಟುತ್ತದೆ. ಬಾದಾಮಿ ಎಣ್ಣೆಯ ಜಾಗಕ್ಕೆ ಕಮಟು ಹಿಡಿಯದ ಖನಿಜ ತೈಲ ಬಂದಾಗ ಕೋಲ್ಡ್ ಕ್ರೀಮು ಡಬ್ಬಿಯಲ್ಲಿ ತಿಂಗಳುಗಟ್ಟಲೆ ಉಳಿಯುವ ಸರಕಾಯಿತು.

ಆ ಖನಿಜ ಜಿಡ್ಡಿಗೆ ಬೇರೆ ಕಥೆಯೇ ಇದೆ. ಅಮೆರಿಕದ ರಸಾಯನ ತಜ್ಞ ರಾಬರ್ಟ್ ಚೀಸ್‌ಬ್ರೋ 1859ರಲ್ಲಿ ಪೆನ್ಸಿಲ್ವೇನಿಯಾದ ಟೈಟಸ್‌ವಿಲ್ ತೈಲಬಾವಿಗಳನ್ನು ನೋಡಲು ಹೋಗಿದ್ದ. ಪಂಪುಗಳ ಸರಳಿಗೆ ಮೆತ್ತಿಕೊಳ್ಳುತ್ತಿದ್ದ ಜಿಡ್ಡನ್ನು ಕೆಲಸಗಾರರು ಗಾಯಕ್ಕೆ, ಸುಟ್ಟ ಜಾಗಕ್ಕೆ ಹಚ್ಚಿಕೊಳ್ಳುವುದನ್ನು ಕಂಡ. ಅದನ್ನು ಶುದ್ಧಗೊಳಿಸುವ ವಿಧಾನ ಕಂಡುಹಿಡಿದು 1872ರಲ್ಲಿ ಪೇಟೆಂಟ್ ಪಡೆದ. ಅದೇ ವ್ಯಾಸಲೀನ್.

ಮತ್ತೊಂದು ಮುಖ್ಯ ಪದಾರ್ಥ ಕುರಿಯ ಉಣ್ಣೆಯಿಂದ ಬಂದಿತು. 1882ರಲ್ಲಿ ಜರ್ಮನಿಯ ಆಸ್ಕರ್ ಲೀಬ್ರೈಕ್ ಮತ್ತು ಆಟೊ ಬ್ರೌನ್ ಉಣ್ಣೆಯ ಜಿಡ್ಡನ್ನು ಶುದ್ಧಗೊಳಿಸಿ ಲ್ಯಾನೋಲಿನ್ ತಯಾರಿಸಿದರು. ತನ್ನ ತೂಕಕ್ಕಿಂತ ಹೆಚ್ಚು ನೀರನ್ನು ಹಿಡಿದಿಡುವುದು ಅದರ ಗುಣ. ಈ ಗುಣಕ್ಕೆ ಕಾರಣವಾದ ಅಂಶವನ್ನು ಐಸಾಕ್ ಲಿಫ್‌ಶುಟ್ಜ್ ಬೇರ್ಪಡಿಸಿದ. ಹ್ಯಾಂಬರ್ಗಿನ ಬೈಯರ್ಸ್‌ಡಾರ್ಫ್ ಸಂಸ್ಥೆಯ ಒಡೆಯ ಆಸ್ಕರ್ ಟ್ರೊಪ್ಲೊವಿಟ್ಜ್, ಚರ್ಮರೋಗ ತಜ್ಞ ಪೌಲ್ ಗೆರ್ಸನ್ ಉನ್ನಾ ಅವರ ಸಲಹೆಯೊಂದಿಗೆ ಅದನ್ನು ಬಳಸಿ 1911ರಲ್ಲಿ ನಿವಿಯಾ ಕ್ರೀಮನ್ನು ಮಾರುಕಟ್ಟೆಗೆ ತಂದ. ಲ್ಯಾಟಿನ್‌ನಲ್ಲಿ ಹೆಸರಿನ ಅರ್ಥ ‘ಹಿಮದಂತೆ ಬಿಳಿ’.

ಇದಕ್ಕೂ ಮೊದಲೇ ಪೋಲೆಂಡಿನ ಕ್ರಾಕೊವ್‌ನಿಂದ ಆಸ್ಟ್ರೇಲಿಯಾಕ್ಕೆ ಹೋಗಿದ್ದ ಹೆಲೆನಾ ರುಬಿನ್‌ಸ್ಟೈನ್, ಬಿಸಿಲಿಗೆ ಒಣಗಿದ ಅಲ್ಲಿನ ಹೆಂಗಸರ ಮುಖ ಕಂಡು ಕ್ರೀಮು ಮಾರಲು ತೊಡಗಿದ್ದರು. ಕಾರ್ಪೇಥಿಯನ್ ಬೆಟ್ಟಗಳ ಗಿಡಮೂಲಿಕೆಯದೆಂದು ಪ್ರಚಾರವಿದ್ದರೂ ಅದರ ಜೀವಾಳ ಕುರಿಗಳ ನಾಡಿನಲ್ಲಿ ಯಥೇಚ್ಛವಾಗಿ ಸಿಗುತ್ತಿದ್ದ ಲ್ಯಾನೋಲಿನ್. ಒಣ, ಜಿಡ್ಡು, ಸಾಧಾರಣ ಎಂದು ಚರ್ಮವನ್ನು ವಿಂಗಡಿಸಿ ಅದಕ್ಕೆ ತಕ್ಕ ಲೇಪ ಕೊಡುವ ರೂಢಿಯನ್ನು ಜನಪ್ರಿಯಗೊಳಿಸಿದವರೂ ಅವರೇ.

ಸ್ನೋ ಮತ್ತು ಪೌಡರ್

ಕೋಲ್ಡ್ ಕ್ರೀಮಿನ ಜಿಡ್ಡು ಹಗಲಿನ ಬಳಕೆಗೆ ಹೊಂದುತ್ತಿರಲಿಲ್ಲ. ಅದರ ಮೇಲೆ ಪೌಡರು ನಿಲ್ಲುತ್ತಿರಲಿಲ್ಲ. 1890ರ ದಶಕದಲ್ಲಿ ಬರೋಸ್ ವೆಲ್‌ಕಮ್ ಸಂಸ್ಥೆಯ ‘ಹೇಜಲೀನ್ ಸ್ನೋ’ ಈ ಕೊರತೆ ತುಂಬಿತು. ಸ್ಟಿಯರಿಕ್ ಆಮ್ಲವನ್ನು ಕ್ಷಾರದೊಡನೆ ಅರೆಬರೆ ಸೇರಿಸಿ ಮಾಡುವ ಈ ಬಗೆಯ ಕ್ರೀಮು ಹಿಮದಂತೆ ಹೊಳೆಯುತ್ತದೆ, ಸವರಿದೊಡನೆ ಕಾಣದಾಗುತ್ತದೆ. ಆದ್ದರಿಂದಲೇ ವ್ಯಾನಿಶಿಂಗ್ ಕ್ರೀಮ್ ಎಂಬ ಹೆಸರು. 1910ರ ದಶಕದಿಂದ ಪಾಂಡ್ಸ್ ಸಂಸ್ಥೆ ರಾತ್ರಿ ಮುಖ ಶುಚಿಮಾಡಲು ಕೋಲ್ಡ್ ಕ್ರೀಮ್, ಹಗಲು ಪೌಡರಿನ ಅಡಿಗೆ ವ್ಯಾನಿಶಿಂಗ್ ಕ್ರೀಮ್ ಎಂದು ಎರಡನ್ನೂ ಜೋಡಿಯಾಗಿ ಪ್ರಚಾರ ಮಾಡಿತು. 1920ರ ದಶಕದಲ್ಲಿ ಅದರ ಜಾಹೀರಾತಿನಲ್ಲಿ ಕಾಣಿಸಿಕೊಂಡವರಲ್ಲಿ ಐವತ್ತರ ಆಸುಪಾಸಿನಲ್ಲಿದ್ದ ರುಮೇನಿಯಾದ ರಾಣಿ ಮರಿಯಾ ಒಬ್ಬರು.

ಭಾರತದಲ್ಲಿ ‘ಸ್ನೋ’ ಎಂಬುದು ಮುಖದ ಕ್ರೀಮಿಗೇ ಹೆಸರಾಯಿತು. ಕನ್ನಡದ ‘ಸ್ನೋ ಪೌಡರು’ ಎಂಬ ಜೋಡಿಮಾತು ಅಲಂಕಾರಕ್ಕೇ ಇನ್ನೊಂದು ಹೆಸರಾಗಿ ಬಹುಕಾಲ ಬಾಳಿತು. ಮುಂಬಯಿಯ ಇಬ್ರಾಹಿಂ ಸುಲ್ತಾನಲಿ ಪಾಟನ್‌ವಾಲಾ ತಯಾರಿಸಿದ ಕ್ರೀಮು ‘ಅಫ್ಘಾನ್ ಸ್ನೋ’ ಎಂದು ಮನೆಮಾತಾಯಿತು. ಅಫ್ಘಾನಿಸ್ತಾನದ ದೊರೆ ಅಮಾನುಲ್ಲಾ ಅದನ್ನು ನೋಡಿ ತನ್ನ ನಾಡಿನ ಹಿಮವನ್ನು ನೆನೆದದ್ದರಿಂದ ಆ ಹೆಸರು ಬಂತೆಂದು ಹೇಳುತ್ತಾರೆ. 1929ರಲ್ಲಿ ಕಲ್ಕತ್ತೆಯ ಗೌರಮೋಹನ ದತ್ತ ಬೋರಿಕ್ ಆಮ್ಲ, ಜಿಂಕ್ ಆಕ್ಸೈಡ್, ಲ್ಯಾನೋಲಿನ್ ಸೇರಿದ ಬೋರೋಲಿನ್ ಆರಂಭಿಸಿದರು. 1952ರಲ್ಲಿ ಟಾಟಾ ಬಳಗ ಲ್ಯಾಕ್ಮೆಯನ್ನು ಹುಟ್ಟುಹಾಕಿದಾಗ ದೇಶದೊಳಗೆ ತಯಾರಾದ ಬಣ್ಣ, ಪೌಡರುಗಳಿಗೂ ದೊಡ್ಡ ಮಾರುಕಟ್ಟೆ ತೆರೆಯಿತು. ಆದರೆ ಸ್ನೋದಲ್ಲಿ ಜಿಡ್ಡು ಕಡಿಮೆ. ಎಳೆಯ ಮುಖಕ್ಕೆ ಒಪ್ಪುತ್ತಿದ್ದ ಅದು ಒಣ ಚರ್ಮಕ್ಕೆ ಸಾಲುತ್ತಿರಲಿಲ್ಲ, ಮೇಲೆ ಹಾಕಿದ ಪೌಡರು ನೆರಿಗೆಗಳಲ್ಲಿ ಕೂತು ಅವನ್ನೇ ಎತ್ತಿ ತೋರಿಸುತ್ತಿತ್ತು.

ಸೂಕ್ಷ್ಮ ಚರ್ಮಕ್ಕೆ ಸಿಕ್ಕ ಗಮನ

1930ರ ದಶಕದ ಅಮೆರಿಕದಲ್ಲಿ ‘ಲ್ಯಾಶ್ ಲೂರ್’ ಎಂಬ ರೆಪ್ಪೆಯ ಬಣ್ಣ ಹಲವರ ಕಣ್ಣಿಗೆ ಹಾನಿ ಮಾಡಿ, ಕೆಲವರ ದೃಷ್ಟಿಯನ್ನೇ ಕಳೆಯಿತು. ಈ ಬಗೆಯ ಪ್ರಕರಣಗಳ ಒತ್ತಡದಿಂದ 1938ರ ಕಾಯ್ದೆ ಸೌಂದರ್ಯವರ್ಧಕಗಳನ್ನು ಮೊದಲ ಬಾರಿಗೆ ಕೇಂದ್ರ ಸರ್ಕಾರದ ನಿಗಾಕ್ಕೆ ತಂದಿತು. ಭಾರತದಲ್ಲಿ 1940ರ ಔಷಧ ಕಾಯ್ದೆಗೆ 1962ರಲ್ಲಿ ತಿದ್ದುಪಡಿ ತಂದು ಸೌಂದರ್ಯವರ್ಧಕಗಳನ್ನು ಸೇರಿಸಲಾಯಿತು.

1931ರಲ್ಲಿ ರಸಾಯನ ತಜ್ಞ ಆಲ್‌ಫ್ರೆಡ್ ವೊಯ್ಟಿಟ್ಸ್, ಬೇರೆ ಯಾವ ಪ್ರಸಾಧನವೂ ಒಗ್ಗದ ಪತ್ನಿ ಫ್ಯಾನಿ ಮೇಯೊಡನೆ ಸೇರಿ ಆಲ್ಮೆ ಸಂಸ್ಥೆಯನ್ನು ಆರಂಭಿಸಿದರು. ಅಲರ್ಜಿ ತರುವ ಪದಾರ್ಥಗಳನ್ನು, ಪರಿಮಳವನ್ನು ಬಿಟ್ಟು ಬಣ್ಣ ತಯಾರಿಸುವ ಪದ್ಧತಿ ಹೀಗೆ ಬೆಳೆಯಿತು. ‘ಹೈಪೋಅಲರ್ಜೆನಿಕ್’ ಎಂಬ ಪದ ಬಳಸಲು ಪರೀಕ್ಷೆಯ ಆಧಾರ ಬೇಕೆಂದು ಅಮೆರಿಕ ಸರ್ಕಾರ 1975ರಲ್ಲಿ ಮಾಡಿದ ನಿಯಮವನ್ನು ನ್ಯಾಯಾಲಯ 1977ರಲ್ಲಿ ರದ್ದುಮಾಡಿತು. ಹಾಗಾಗಿ ಡಬ್ಬಿಯ ಮೇಲಿನ ಆ ಪದ ಇಂದಿಗೂ ಭರವಸೆಯಲ್ಲ. ಒಳಗಿನ ಪದಾರ್ಥಗಳ ಪಟ್ಟಿಯೇ ನಂಬಬೇಕಾದದ್ದು.

ಹಗುರ ಪ್ರಸಾಧನದ ದಾರಿ ಜರ್ಮನಿಯಲ್ಲಿ ತೆರೆಯಿತು. ಚಿಕಿತ್ಸೆಯ ನಂತರ ಕೆಂಪಾಗಿ ಉರಿಯುವ ಚರ್ಮವನ್ನು ಶಮನಗೊಳಿಸುತ್ತಲೇ ತೆಳುವಾಗಿ ಮರೆಮಾಡಲು ವೈದ್ಯೆ ಕ್ರಿಸ್ಟೀನ್ ಶ್ರಾಮೆಕ್ 1960ರ ದಶಕದಲ್ಲಿ ‘ಬ್ಲೆಮಿಶ್ ಬಾಮ್’ ತಯಾರಿಸಿದರು. ಮುಂದೆ ದಕ್ಷಿಣ ಕೊರಿಯಾದ ಮೂಲಕ ಜಗತ್ತಿಗೆ ಹರಡಿದ ಬಿಬಿ ಕ್ರೀಮಿನ ಮೂಲ ಇದು. ಪುಡಿಯ ಬದಲು ತೇವವುಳ್ಳ ಲೇಪದಲ್ಲೇ ಬಣ್ಣ ಇರುವುದರಿಂದ ಇದು ಸುಕ್ಕಿನ ಗೆರೆಗಳಲ್ಲಿ ಪುಡಿಯಷ್ಟು ಎದ್ದು ಕಾಣುವುದಿಲ್ಲ.

ಕಾರಣ ತಿಳಿದದ್ದು

ಮುಲಾಮು ಏಕೆ ಕೆಲಸ ಮಾಡುತ್ತದೆ ಎಂಬುದು ಬಹುಕಾಲ ಗೊತ್ತಿರಲಿಲ್ಲ. ಎಣ್ಣೆಯೇ ಚರ್ಮವನ್ನು ಮೆತ್ತಗಾಗಿಸುತ್ತದೆ ಎಂಬುದು ಸಾಮಾನ್ಯ ನಂಬಿಕೆಯಾಗಿತ್ತು. 1952ರಲ್ಲಿ ಅಮೆರಿಕದ ಇರ್ವಿನ್ ಬ್ಲ್ಯಾಂಕ್, ಒಣಗಿ ಗಡುಸಾದ ಚರ್ಮದ ಚೂರುಗಳನ್ನು ಎಣ್ಣೆಯಲ್ಲಿ ಇಟ್ಟರೂ ಮೆತ್ತಗಾಗುವುದಿಲ್ಲ, ನೀರು ಸಿಕ್ಕರೆ ಮಾತ್ರ ಮೆತ್ತಗಾಗುತ್ತವೆ ಎಂದು ತೋರಿಸಿದ. ಮೃದುತ್ವ ಕೊಡುವುದು ನೀರು. ಅದು ಆರಿಹೋಗದಂತೆ ತಡೆಯುವುದು ಜಿಡ್ಡು. ಮುಂದಿನ ದಶಕಗಳಲ್ಲಿ ಪೀಟರ್ ಎಲಿಯಾಸ್ ಮೊದಲಾದವರು ಚರ್ಮದ ಹೊರಪದರವನ್ನು ಇಟ್ಟಿಗೆ ಗೋಡೆಗೆ ಹೋಲಿಸಿದರು. ಸತ್ತ ಜೀವಕೋಶಗಳು ಇಟ್ಟಿಗೆ. ಸೆರಮೈಡ್, ಕೊಲೆಸ್ಟ್ರಾಲ್, ಕೊಬ್ಬಿನಾಮ್ಲಗಳು ನಡುವಿನ ಗಾರೆ. ಗಾರೆ ಸಡಿಲವಾದಲ್ಲಿ ನೀರು ಹೊರಗೆ ಹೋಗುತ್ತದೆ, ಉರಿ ತರಿಸುವ ವಸ್ತುಗಳು ಒಳಗೆ ಬರುತ್ತವೆ.

ನಡುವಯಸ್ಸಿನ ಚರ್ಮದಲ್ಲಿ ನಡೆಯುವುದೂ ಇದೇ. ಮುಟ್ಟು ನಿಲ್ಲುವ ಹೊತ್ತಿಗೆ ಈಸ್ಟ್ರೋಜನ್ ಇಳಿಯುತ್ತದೆ. ನಂತರದ ಮೊದಲ ಐದು ವರ್ಷಗಳಲ್ಲಿ ಚರ್ಮದ ಕೊಲಾಜನ್‌ನಲ್ಲಿ ಸುಮಾರು ಶೇ 30ರವರೆಗೆ ನಷ್ಟವಾಗಬಹುದೆಂದು ಅಧ್ಯಯನಗಳು ಅಂದಾಜಿಸಿವೆ. ಜಿಡ್ಡಿನ ಸ್ರಾವವೂ ತಗ್ಗುತ್ತದೆ. ಕ್ರೀಮು ಕೊಲಾಜನ್ನನ್ನು ಮರಳಿ ತುಂಬಿಕೊಡುವುದಿಲ್ಲ, ಆದರೆ ಗೋಡೆಯನ್ನು ಭದ್ರವಾಗಿಡುತ್ತದೆ. ಸುಕ್ಕಿನ ಮೇಲೆ ಪರಿಣಾಮವಿದೆಯೆಂದು ಗಟ್ಟಿ ಆಧಾರ ದೊರೆತದ್ದು 1980ರ ದಶಕದಲ್ಲಿ, ಎ ಜೀವಸತ್ವಕ್ಕೆ ಸಂಬಂಧಿಸಿದ ಟ್ರೆಟಿನಾಯಿನ್‌ಗೆ. ಅದೂ ಸೂಕ್ಷ್ಮ ಚರ್ಮಕ್ಕೆ ಉರಿ ತರುವುದರಿಂದ ವೈದ್ಯರ ಸಲಹೆಯಿಂದಲೇ ಬಳಸುವ ಮದ್ದು.

ಹೀಗೆ ಇಂದಿನ ಸರಳ ಆರೈಕೆ ಮೂರು ಕೆಲಸಗಳಿಗೆ ಬಂದು ನಿಂತಿದೆ: ಜಿಡ್ಡನ್ನು ಪೂರ್ತಿ ಕಿತ್ತುಹಾಕದೆ ಮುಖ ತೊಳೆಯುವುದು, ತೇವ ಆರುವ ಮುನ್ನ ಪರಿಮಳವಿಲ್ಲದ ಲೇಪ ಹಚ್ಚುವುದು, ಬಿಸಿಲಿನಿಂದ ಕಾಪಾಡುವುದು. ತಿಮಿಂಗಿಲದ ಮೇಣದ ಜಾಗವನ್ನು ಕೃತಕ ಮೇಣಗಳು ತುಂಬಿವೆ. ಘಟ್ಟದ ಮನೆಗಳ ಮುರುಗಲ ತುಪ್ಪ ಕೋಕಮ್ ಬಟರ್ ಎಂಬ ಹೆಸರಿನಲ್ಲಿ ದೇಶವಿದೇಶಗಳ ಕ್ರೀಮುಗಳಿಗೆ ಸೇರುತ್ತಿದೆ. ಫ್ರಾನ್ಸಿನ ಔಷಧ ಅಂಗಡಿಗಳಲ್ಲಿ ಎಣ್ಣೆ, ಮೇಣ, ಪನ್ನೀರಿನ ಹಳೆಯ ಮುಲಾಮು ಇಂದಿಗೂ ಗೇಲೆನ್‌ನ ಹೆಸರಿನಲ್ಲೇ ಸಿಗುತ್ತದೆ.