ಅರ್ಧ ಹೆಸರಿನ ನಟರು
1996ರ ಮಾರ್ಚ್‌ನಲ್ಲಿ ಜಪಾನಿನ ಕ್ಯಾಪ್‌ಕಾಮ್ ಕಂಪನಿ ಪ್ಲೇಸ್ಟೇಷನ್‌ಗಾಗಿ ಒಂದು ಭಯಾನಕ ವಿಡಿಯೋ ಗೇಮ್ ಹೊರತಂದಿತು. ಜಗತ್ತು ಅದನ್ನು ‘ರೆಸಿಡೆಂಟ್ ಈವಿಲ್’ ಎಂದು ಬಲ್ಲದು. ಆಟದೊಳಗೆ ಓಡಾಡುವವು ಕಂಪ್ಯೂಟರ್ ಗೊಂಬೆಗಳಾದರೂ ಮೊದಲ ದೃಶ್ಯದಲ್ಲಿ ಕಾಡಿನ ಕತ್ತಲಲ್ಲಿ ಬೆದರಿ ಓಡುವವರು ನಿಜವಾದ ನಟರು. ಅವರ ಮುಖ ಲಕ್ಷಾಂತರ ಮನೆಗಳಿಗೆ ತಲುಪಿತು. ಆದರೆ ಕೊನೆಯ ಪಟ್ಟಿಯಲ್ಲಿ ಅವರಿಗೆ ದಕ್ಕಿದ್ದು ಚಾರ್ಲಿ, ಇನೆಜ್, ಎರಿಕ್ ಎಂಬಂಥ ಅರ್ಧ ಹೆಸರು ಮಾತ್ರ. 2002ರಲ್ಲಿ ಆಟವನ್ನು ಹೊಸದಾಗಿ ರೂಪಿಸಿದಾಗ ಆ ಮುಖಗಳೂ ಹೋಗಿ, ಕಂಪ್ಯೂಟರ್ ಚಿತ್ರಗಳು ಬಂದವು.

ದಶಕಗಳ ನಂತರ ಅಭಿಮಾನಿಗಳು ಅವರಲ್ಲಿ ಕೆಲವರನ್ನು ಹುಡುಕಿ ತೆಗೆದರು.  ಕಂಪನಿಯ ಪಟ್ಟಿ ಬಿಟ್ಟದ್ದನ್ನು ಆಟವಾಡಿದ ಮಕ್ಕಳು ಬೆಳೆದು ತುಂಬಿಸಿದರು. ದುಡಿದವರ ಪೂರ್ತಿ ಹೆಸರು ಬರೆದಿಡುವುದೂ ಅವರ ಕೂಲಿಯ ಒಂದು ಪಾಲೇ ಅಲ್ಲವೇ?