ಕಾರಿನ ಎಂಜಿನ್ ಜರ್ಕ್ ಹೊಡೆಯುತ್ತಿದೆಯೇ? ಇಗ್ನಿಷನ್ ಕಾಯಿಲ್ ಬದಲಿಸುವ ಮುನ್ನ ಇಷ್ಟು ತಿಳಿದಿರಲಿ

ಪೆಟ್ರೋಲ್ ಅಥವಾ ಸಿಎನ್‌ಜಿ ಕಾರು ನಿಂತಲ್ಲೇ ನಡುಗುತ್ತಿದ್ದರೆ, ಮೇಲ್ಸೇತುವೆ ಏರುವಾಗ ಪಿಕಪ್ ಸಿಗದಿದ್ದರೆ, ಮೈಲೇಜ್ ದಿಢೀರ್ ಕುಸಿದಿದ್ದರೆ ಯಾವುದೋ ಒಂದು ಸಿಲಿಂಡರ್‌ನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ. ಇದೇ ಮಿಸ್‌ಫೈರ್. ಇದಕ್ಕೆ ಸಾಮಾನ್ಯ ಕಾರಣಗಳಲ್ಲಿ ಇಗ್ನಿಷನ್ ಕಾಯಿಲ್ ಮತ್ತು ಅದರ ತುದಿಯ ರಬ್ಬರ್ ಬೂಟ್ ಕೂಡ ಸೇರಿವೆ. ಹಾಗೆಂದು ಎಲ್ಲ ಕಾಯಿಲ್‌ಗಳನ್ನೂ ಒಟ್ಟಿಗೆ ಬದಲಿಸಬೇಕಿಲ್ಲ. ಕೆಟ್ಟಿರುವುದು ಯಾವುದು ಎಂದು ಮೊದಲು ಪತ್ತೆ ಹಚ್ಚಿದರೆ ಹಣ ಉಳಿಯುತ್ತದೆ.

ಕಾಯಿಲ್, ಬೂಟ್ ಕೆಲಸವೇನು?

ಬ್ಯಾಟರಿಯ 12 ವೋಲ್ಟ್‌ನಿಂದ ಸ್ಪಾರ್ಕ್ ಪ್ಲಗ್‌ನಲ್ಲಿ ಕಿಡಿ ಹಾರದು. ಕಾಯಿಲ್ ಅದನ್ನು ಸಾವಿರಾರು ವೋಲ್ಟ್‌ಗೆ ಏರಿಸುತ್ತದೆ. ಈಗಿನ ಬಹುತೇಕ ಕಾರುಗಳಲ್ಲಿ ಪ್ರತಿ ಸಿಲಿಂಡರ್‌ಗೂ ಪ್ರತ್ಯೇಕ ಕಾಯಿಲ್ ಇದ್ದು, ಪ್ಲಗ್‌ನ ನೆತ್ತಿಯ ಮೇಲೇ ಕೂರುತ್ತದೆ. ಎರಡನ್ನೂ ಜೋಡಿಸುವ ರಬ್ಬರ್ ಕೊಳವೆಯೇ ಬೂಟ್. ವಿದ್ಯುತ್ ಅಕ್ಕಪಕ್ಕದ ಲೋಹಕ್ಕೆ ಹಾರದಂತೆ ತಡೆಯುವುದು ಇದರ ಕೆಲಸ. ಡೀಸೆಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲದ ಕಾರಣ ಈ ತೊಂದರೆಯೂ ಇಲ್ಲ.

ಕೆಡುವುದೇಕೆ?

ಎಂಜಿನ್ ಬಿಸಿಗೆ ಬೂಟ್ ವರ್ಷಗಳು ಕಳೆದಂತೆ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಮಳೆಗಾಲದ ತೇವ ಅಥವಾ ವಾಟರ್ ವಾಶ್ ಮಾಡಿಸುವಾಗ ಪ್ಲಗ್ ಗುಂಡಿಗೆ ಇಳಿದ ನೀರಿನಿಂದ ಆ ಬಿರುಕಿನ ಮೂಲಕ ಕರೆಂಟ್ ಸೋರುತ್ತದೆ. ಮೇಲಿನ ಸೀಲ್ ಸವೆದು ಆಯಿಲ್ ಇಳಿದರೂ ರಬ್ಬರ್ ಹಾಳಾಗುತ್ತದೆ. ಇನ್ನು ಪ್ಲಗ್ ಸವೆದು ಗ್ಯಾಪ್ ಹೆಚ್ಚಾದರೆ ಕಾಯಿಲ್ ಮೇಲಿನ ಒತ್ತಡ ಏರುತ್ತದೆ. ಪೆಟ್ರೋಲ್‌ಗಿಂತ ಸಿಎನ್‌ಜಿ ಉರಿಸಲು ಹೆಚ್ಚು ವೋಲ್ಟೇಜ್ ಬೇಕು. ಹೀಗಾಗಿ ಮುಂಬೈ, ಪುಣೆ, ದೆಹಲಿಯಲ್ಲಿ ಸಿಎನ್‌ಜಿ ಕಾರು ಓಡಿಸುವವರು ಪ್ಲಗ್ ಬದಲಿಸುವುದನ್ನು ಮುಂದೂಡಬಾರದು.

ದೀಪ ಮಿನುಗಿದರೆ ನಿರ್ಲಕ್ಷ್ಯ ಬೇಡ

ಚೆಕ್ ಎಂಜಿನ್ ದೀಪ ಆರಿ ಹತ್ತುತ್ತಿದ್ದರೆ ಗಂಭೀರ ಮಿಸ್‌ಫೈರ್ ಇದೆ ಎಂದರ್ಥ. ಉರಿಯದ ಇಂಧನ ಸೈಲೆನ್ಸರ್ ಮಾರ್ಗದ ಕ್ಯಾಟಲಿಟಿಕ್ ಕನ್ವರ್ಟರ್ ಸೇರಿ, ಅಲ್ಲಿ ಉರಿದು ಅದನ್ನೇ ಕರಗಿಸಬಹುದು. ಒಂದು ಕಾಯಿಲ್‌ಗೆ ಹೋಲಿಸಿದರೆ ಇದರ ಬೆಲೆ ಹಲವು ಪಟ್ಟು ಹೆಚ್ಚು. ವೇಗ ತಗ್ಗಿಸಿ, ಸುರಕ್ಷಿತ ಜಾಗದಲ್ಲಿ ಕಾರು ನಿಲ್ಲಿಸುವುದು ಒಳಿತು.

ಪತ್ತೆ ಹೇಗೆ?

ಒಬಿಡಿ ಸ್ಕ್ಯಾನರ್‌ನಲ್ಲಿ ಪಿ0302 ಎಂದು ಬಂದರೆ ತೊಂದರೆ 2ನೇ ಸಿಲಿಂಡರ್‌ನಲ್ಲಿದೆ. ಎಂಜಿನ್ ಆಫ್ ಮಾಡಿ, ಅದರ ಕಾಯಿಲ್ ಅನ್ನು ಬೂಟ್ ಸಮೇತ 3ನೇ ಸಿಲಿಂಡರ್‌ನ ಕಾಯಿಲ್ ಜತೆ ಅದಲುಬದಲು ಮಾಡಿ. ಹಳೆಯ ಕೋಡ್ ಅಳಿಸಿ ಕಾರು ಓಡಿಸಿ. ಈಗ ಪಿ0303 ಬಂದರೆ ಕಾಯಿಲ್ ಅಥವಾ ಬೂಟ್ ಕೆಟ್ಟಿದೆ. ಪಿ0302 ಹಾಗೆಯೇ ಉಳಿದರೆ ಪ್ಲಗ್, ಇಂಜೆಕ್ಟರ್, ವೈರಿಂಗ್ ಪರೀಕ್ಷಿಸಬೇಕು. ಎಂಜಿನ್ ಓಡುತ್ತಿರುವಾಗಲೇ ಒಂದೊಂದೇ ಕಾಯಿಲ್ ಕಿತ್ತು ನೋಡುವ ಹಳೆಯ ಪದ್ಧತಿ ಬೇಡ. ಶಾಕ್ ಹೊಡೆಯಬಹುದು, ಕಾಯಿಲ್ ಕೂಡ ಹಾಳಾಗಬಹುದು.

ಬದಲಿಸುವ ಕ್ರಮ

* ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ.

* ಕನೆಕ್ಟರ್‌ನ ಲಾಕ್ ಒತ್ತಿ ಬಿಡಿಸಿ. ವೈರ್ ಹಿಡಿದು ಎಳೆಯಬೇಡಿ.

* ಬೋಲ್ಟ್ ತೆಗೆದು, ಕಾಯಿಲ್ ಅನ್ನು ಸ್ವಲ್ಪ ತಿರುಗಿಸಿ ನೇರವಾಗಿ ಮೇಲೆತ್ತಿ.

* ಪ್ಲಗ್ ಬಿಚ್ಚುವುದಿದ್ದರೆ ಮೊದಲು ಗುಂಡಿಯ ಧೂಳನ್ನು ಗಾಳಿ ಹಾಯಿಸಿ ತೆಗೆಯಿರಿ. ಇಲ್ಲವಾದರೆ ಅದು ಸಿಲಿಂಡರ್ ಒಳಗೆ ಬೀಳುತ್ತದೆ.

* ಹೊಸ ಪ್ಲಗ್ ಅನ್ನು ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ. ನಂತರ ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟೇ ಬಿಗಿ ಮಾಡಿ. ಅತಿಯಾದರೆ ಅಲ್ಯೂಮಿನಿಯಂ ಹೆಡ್‌ನ ಮರೆ ಹಾಳಾಗುತ್ತದೆ.

* ಬೂಟ್‌ನ ಬಾಯಿಯ ಒಳಗೆ ತೆಳುವಾಗಿ ಡೈಎಲೆಕ್ಟ್ರಿಕ್ ಗ್ರೀಸ್ ಸವರಿ, ಕಾಯಿಲ್ ಗಟ್ಟಿಯಾಗಿ ಕೂರುವವರೆಗೆ ಒತ್ತಿ.

ಕೆಲವು ಮಾದರಿಗಳಿಗೆ ಬೂಟ್ ಮಾತ್ರ ಬಿಡಿಯಾಗಿ ಸಿಗುತ್ತದೆ. ಕಾಯಿಲ್ ಸರಿಯಿದ್ದು ಬೂಟ್‌ನಲ್ಲಷ್ಟೇ ಬಿರುಕಿದ್ದರೆ ಅಷ್ಟು ಬದಲಿಸಿದರೆ ಸಾಕು. ಗುಂಡಿಯಲ್ಲಿ ಆಯಿಲ್ ಕಂಡರೆ ಮಾತ್ರ ಸೀಲ್ ಅನ್ನೂ ಬದಲಿಸಿ. ಇಲ್ಲದಿದ್ದರೆ ಹೊಸ ಬೂಟ್ ಕೂಡ ಬಹಳ ದಿನ ಬಾಳದು.